ತಲೆಯ ಮೇಲಿನ ಬಟ್ಟೆ, ಕಾರ್ಡಿನ ಮೇಲಿನ ಮುಖ



*ಇಂದಿನ ಧಮ್ಮ ಚಿಂತನೆ*

ಬಂಧುಗಳೇ,

ಪಾಸ್‌ಪೋರ್ಟು, ಡ್ರೈವಿಂಗ್ ಲೈಸೆನ್ಸು, ಮತದಾರರ ಗುರುತಿನ ಚೀಟಿ ಇಂಥವುಗಳ ಫೋಟೊದಲ್ಲಿ ಪೇಟ, ಹಿಜಾಬ್, ಟೋಪಿ ಇರಬಹುದೇ ಎಂಬ ಪ್ರಶ್ನೆ ಕಳೆದ ವಾರ ಗುಂಪಿನಲ್ಲಿ ಬಂತು. ಒಬ್ಬರು ಒಂದೇ ಸಾಲಿನ ಉತ್ತರ ಹಾಕಿದರು: "ನಾವು ತಲೆಗೆ ಏನೂ ಹಾಕೋದಿಲ್ಲ, ನಮಗ್ಯಾಕೆ ಈ ಚರ್ಚೆ?" ಅದಕ್ಕೆ ಹೆಬ್ಬೆರಳು ಎತ್ತಿದವರೂ ಹಲವರು.

ಮಾತು ಸುಳ್ಳಲ್ಲ. ನಮ್ಮ ಭಿಕ್ಖುಗಳ ತಲೆ ಬೋಳು. ಉಪಾಸಕರಿಗೆ ಇಂಥದ್ದೇ ತೊಡಬೇಕೆಂಬ ಕಟ್ಟಳೆ ಇಲ್ಲ. ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋಗುತ್ತೇವೆ, ಅದೂ ರೂಢಿಯೇ ಹೊರತು ಶೀಲವಲ್ಲ. ಪಾಸ್‌ಪೋರ್ಟ್ ಕಚೇರಿಯವರು ನಮ್ಮ ತಲೆಯಿಂದ ತೆಗೆಸಬೇಕಾದ್ದು ಏನೂ ಇಲ್ಲ. ಕಳೆದುಕೊಳ್ಳುವುದು ಏನೂ ಇಲ್ಲದವರು ಪಕ್ಷಪಾತವಿಲ್ಲದೆ ಯೋಚಿಸಬಹುದು, ಸರಿ. ಆದರೆ ಅಂಥವರಿಗೆ ಇನ್ನೊಬ್ಬರ ಕಷ್ಟ ಕಣ್ಣಿಗೇ ಬೀಳದೆ ಹೋಗುವ ಸಾಧ್ಯತೆಯೂ ಅಷ್ಟೇ ಇದೆ. ಅದಕ್ಕೇ ಇವತ್ತು ಇದನ್ನೇ ಎತ್ತಿಕೊಂಡಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಮೊದಲು ನಮ್ಮ ದೇಶದ ನಿಯಮ. ಪಾಸ್‌ಪೋರ್ಟ್ ಫೋಟೊದಲ್ಲಿ ತಲೆ ಮುಚ್ಚುವಂತಿಲ್ಲ. ಧಾರ್ಮಿಕ ಕಾರಣವಿದ್ದರೆ ಮಾತ್ರ ಮುಚ್ಚಬಹುದು. ಆಗಲೂ ಗದ್ದದ ತುದಿಯಿಂದ ಹಣೆಯ ಮೇಲಿನವರೆಗೆ, ಮುಖದ ಎರಡೂ ಅಂಚು ಸ್ಪಷ್ಟವಾಗಿ ಕಾಣಬೇಕು. ಆಧಾರ್ ನೋಂದಣಿಯ ಮಾರ್ಗಸೂಚಿಯಲ್ಲೂ ಪೇಟಕ್ಕೆ ಅವಕಾಶ ಇದೆ. ಅಲ್ಲಿ 'ಧಾರ್ಮಿಕ' ಎಂಬುದರ ಜೊತೆಗೆ 'ಸಾಂಪ್ರದಾಯಿಕ' ಎಂಬ ಮಾತೂ ಇದೆ. ಈ ಸಣ್ಣ ವ್ಯತ್ಯಾಸಕ್ಕೆ ಆಮೇಲೆ ಬರುತ್ತೇನೆ. ಒಟ್ಟಿನಲ್ಲಿ ಸಿಖ್ಖರ ಪೇಟ, ಮುಸ್ಲಿಂ ಹೆಣ್ಣುಮಕ್ಕಳ ತಲೆವಸ್ತ್ರ, ಕ್ರೈಸ್ತ ಸನ್ಯಾಸಿನಿಯರ ಶಿರವಸ್ತ್ರ ಇವು ನಮ್ಮಲ್ಲಿ ಫೋಟೊಗೆ ಅಡ್ಡಿಯಲ್ಲ.

ಎಲ್ಲ ಕಡೆ ಹೀಗಿಲ್ಲ. ಫ್ರಾನ್ಸಿನ ನಿಯಮದಲ್ಲಿ ಫೋಟೊ ಬರಿತಲೆಯದೇ ಆಗಬೇಕು. ಅಲ್ಲಿ ನೆಲೆಸಿದ್ದ ಒಬ್ಬ ಹಿರಿಯ ಸಿಖ್ಖರ ಪ್ರಕರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾನೂನಿನ ವಲಯದಲ್ಲಿ ಅದನ್ನು ರಂಜಿತ್ ಸಿಂಗ್ ಪ್ರಕರಣ ಎನ್ನುತ್ತಾರೆ. ಅವರ ಹಳೆಯ ನಿವಾಸಿ ಕಾರ್ಡಿನಲ್ಲಿ ಇದ್ದದ್ದು ಪೇಟ ಸುತ್ತಿದ ಫೋಟೊವೇ. ಆ ಕಾರ್ಡು ಇಟ್ಟುಕೊಂಡು ವರ್ಷಗಟ್ಟಲೆ ಬದುಕಿದ್ದರು. 2002ರಲ್ಲಿ ಹೊಸ ಕಾರ್ಡಿಗೆ ಅರ್ಜಿ ಹಾಕಿದಾಗ ಪೇಟ ತೆಗೆದ ಫೋಟೊ ಬೇಕು ಎಂದರು. ಇವರು ಆಗುವುದಿಲ್ಲ ಎಂದರು. ಕಾರ್ಡು ಸಿಗಲಿಲ್ಲ. ಕಾರ್ಡಿಲ್ಲದೆ ಸರ್ಕಾರಿ ವೈದ್ಯಕೀಯ ನೆರವು ಹೋಯಿತು, ಸಾಮಾಜಿಕ ಭದ್ರತೆಯ ಸೌಲಭ್ಯಗಳು ಹೋದವು. ವಯಸ್ಸಾದ ಮನುಷ್ಯ, ಒಂದು ಬಟ್ಟೆಯ ತುಂಡಿನ ಮೇಲೆ ಆಸ್ಪತ್ರೆಯ ಬಾಗಿಲು ಮುಚ್ಚಿಸಿಕೊಂಡರು. ಹಟ ಎಂದು ಕರೆಯುವುದು ಸುಲಭ. ಆದರೆ ಅವರ ಪಾಲಿಗೆ ಪೇಟವಿಲ್ಲದ ತನ್ನ ತಲೆ ಎಂದರೆ ಬಟ್ಟೆಯಿಲ್ಲದ ಮೈ ಇದ್ದ ಹಾಗೆ.

ಫ್ರಾನ್ಸಿನ ನ್ಯಾಯಾಲಯಗಳಲ್ಲಿ ಅವರು ಸೋತರು. ಕೊನೆಗೆ ದೂರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಹೋಯಿತು. 2011ರ ಜುಲೈನಲ್ಲಿ ಸಮಿತಿ ಫ್ರಾನ್ಸ್ ಅವರ ಧಾರ್ಮಿಕ ಸ್ವಾತಂತ್ರ್ಯವನ್ನು ಉಲ್ಲಂಘಿಸಿದೆ ಎಂದು ಹೇಳಿತು. ಸಮಿತಿಯ ತರ್ಕ ಬಹಳ ಸರಳ. ಮುಖ ಪೂರ್ತಿ ಕಾಣುತ್ತಿದೆ. ಈ ಮನುಷ್ಯ ಹೊರಗೆ ಎಲ್ಲಿಗೆ ಹೋದರೂ ಪೇಟ ಇಟ್ಟುಕೊಂಡೇ ಹೋಗುತ್ತಾರೆ. ಹಾಗಿದ್ದಮೇಲೆ ಪೇಟವಿಲ್ಲದ ಫೋಟೊದಿಂದ ಇವರನ್ನು ಗುರುತಿಸುವುದು ಹೇಗೆ ಸುಲಭವಾಗುತ್ತದೆ ಎಂದು ಸರ್ಕಾರ ವಿವರಿಸಿಲ್ಲ. ಇನ್ನೊಂದು ಮಾತನ್ನೂ ಅದು ಗಮನಿಸಿತು: ಪೇಟ ತೆಗೆಯುವುದು ಒಂದು ಸಲದ ಕೆಲಸವಾದರೂ, ಬರಿತಲೆಯ ಫೋಟೊ ಇರುವ ಕಾರ್ಡಿನ ಪರಿಶೀಲನೆ ನಡೆದಾಗಲೆಲ್ಲ ಪೇಟ ತೆಗೆಸುವ ಸಂದರ್ಭ ಬರಬಹುದು.

ಇಷ್ಟು ಹೇಳಿ ಬಿಟ್ಟರೆ ಅರ್ಧ ಸತ್ಯವಾಗುತ್ತದೆ. ಇಂಥದ್ದೇ ಇನ್ನೊಂದು ದೂರನ್ನು, ಡ್ರೈವಿಂಗ್ ಲೈಸೆನ್ಸಿನ ಫೋಟೊ ಕುರಿತದ್ದು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2008ರಲ್ಲಿ ವಿಚಾರಣೆಗೇ ತೆಗೆದುಕೊಳ್ಳದೆ ತಳ್ಳಿಹಾಕಿತ್ತು. ರಸ್ತೆ ಸುರಕ್ಷತೆ, ಚಾಲಕರ ಗುರುತು ಇವು ಸರ್ಕಾರದ ನ್ಯಾಯವಾದ ಕಾಳಜಿ ಎಂದಿತ್ತು. ಅದೇ ವ್ಯಕ್ತಿ ಪಾಸ್‌ಪೋರ್ಟ್ ವಿಷಯ ಹಿಡಿದು ವಿಶ್ವಸಂಸ್ಥೆಯ ಸಮಿತಿಗೆ ಹೋದಾಗ 2013ರಲ್ಲಿ ತೀರ್ಮಾನ ಅವರ ಕಡೆಗೆ ಬಂತು. ತಿಳಿದವರೇ ಎರಡು ದಾರಿಯಲ್ಲಿ ಯೋಚಿಸಿದ್ದಾರೆ ಎಂದಮೇಲೆ ನಾವು ಹೆಬ್ಬೆರಳು ಎತ್ತಿ ಮುಗಿಸುವ ವಿಷಯ ಇದಲ್ಲ.

ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ನಿಯಮಕ್ಕೂ ತತ್ವಕ್ಕೂ ಇರುವ ಅಂತರವನ್ನು ತೋರಿಸಿದ್ದು ನೆನಪಿದೆಯಲ್ಲ? ನಿಯಮ ಹೀಗೆ ಮಾಡು, ಹಾಗೆ ಮಾಡಬೇಡ ಎನ್ನುತ್ತದೆ; ಅಡುಗೆಯ ಪುಸ್ತಕದ ಹಾಗೆ. ತತ್ವ ನಮ್ಮ ಕೈಗೆ ಅಳತೆಗೋಲು ಕೊಟ್ಟು, ನೀನೇ ಅಳೆದು ನೋಡು ಎನ್ನುತ್ತದೆ. ಧರ್ಮ ಬರೀ ನಿಯಮಗಳ ಕಂತೆಯಾದಾಗ ಅದು ಧರ್ಮವಾಗಿ ಉಳಿಯುವುದಿಲ್ಲ ಎಂಬುದು ಅವರ ವಾದ. ಅವರು ಅದನ್ನು ಧರ್ಮಶಾಸ್ತ್ರಗಳ ಬಗ್ಗೆ ಹೇಳಿದರು. ನಾನು ಅದನ್ನು ಸರ್ಕಾರಿ ಕಚೇರಿಗೂ ಹಚ್ಚಿ ನೋಡುತ್ತೇನೆ. 'ತಲೆಯ ಮೇಲೆ ಏನೂ ಇರಬಾರದು' ಎಂಬುದು ನಿಯಮ. 'ಈ ಕಾರ್ಡು ಹಿಡಿದವರು ಇವರೇ ಎಂದು ಮುಖ ನೋಡಿ ಹೇಳಲು ಬರಬೇಕು' ಎಂಬುದು ಅದರ ಹಿಂದಿನ ತತ್ವ. ಕಣ್ಣು, ಮೂಗು, ಬಾಯಿ, ಗದ್ದ, ಹಣೆ, ಕೆನ್ನೆಯ ಅಂಚು ಇವಿಷ್ಟು ಕಂಡರೆ ತತ್ವ ಈಡೇರಿತು. ಕೂದಲು ಕಂಡರೆ ಏನು ಸಿಕ್ಕಿತು? ಕೂದಲು ಕತ್ತರಿಸಬಹುದು, ಬಣ್ಣ ಹಾಕಬಹುದು, ಉದುರಿಯೂ ಹೋಗಬಹುದು. ಇಪ್ಪತ್ತೆಂಟರಲ್ಲಿ ತೆಗೆಸಿದ ನನ್ನ ಫೋಟೊದ ಕೂದಲಿಗೂ ಈಗಿನ ತಲೆಗೂ ಸಂಬಂಧವೇ ಇಲ್ಲ. ಅನಿತ್ಯದ ಪಾಠಕ್ಕೆ ಹಳೆಯ ಲೈಸೆನ್ಸಿಗಿಂತ ಒಳ್ಳೆಯ ಪುಸ್ತಕ ಬೇಕಿಲ್ಲ.

ಇಲ್ಲಿ ಧಮ್ಮ ಬಲ್ಲ ಗೆಳೆಯರೊಬ್ಬರು ಒಂದು ಒಳ್ಳೆಯ ಆಕ್ಷೇಪ ಎತ್ತಬಹುದು. ಸೀಲಬ್ಬತ ಪರಾಮಾಸ, ಅಂದರೆ ಆಚರಣೆ ಕಟ್ಟಳೆಗಳಿಗೆ ಅಂಟಿಕೊಳ್ಳುವುದು, ಬಿಡುಗಡೆಯ ದಾರಿಯಲ್ಲಿ ಮೊದಲು ಕಳಚಬೇಕಾದ ಮೂರು ಬಂಧನಗಳಲ್ಲಿ ಒಂದು. ತಲೆಯ ಮೇಲಿನ ಬಟ್ಟೆಗೆ ಅಂಟಿಕೊಳ್ಳುವುದೂ ಅದೇ ಅಲ್ಲವೇ? ಬೌದ್ಧರು ಅದನ್ನು ಯಾಕೆ ಬೆಂಬಲಿಸಬೇಕು?

ಅಂಟು ಎಂಬುದು ನಿಜವೇ ಇರಬಹುದು. ಆದರೆ ಬಂಧನ ಕಳಚುವುದು ಅವರವರ ಸಾಧನೆ. ಕೌಂಟರಿನ ಹಿಂದೆ ಕುಳಿತ ಗುಮಾಸ್ತ 'ತೆಗೀರಿ' ಎಂದಾಗ ಬಟ್ಟೆ ಕಳಚುತ್ತದೆ, ಬಂಧನ ಕಳಚುವುದಿಲ್ಲ, ಇನ್ನೂ ಬಿಗಿಯಾಗುತ್ತದೆ. ಮೇಲಾಗಿ ಅಂಟು ಒಂದೇ ಕಡೆ ಇದೆಯೇ? ಮುಖ ಪೂರ್ತಿ ಕಾಣುತ್ತಿದ್ದರೂ, ಗುರುತು ಸಿಗುತ್ತಿದ್ದರೂ, 'ನಿಯಮದಲ್ಲಿ ಬರಿತಲೆ ಅಂತ ಇದೆ, ಆದ್ದರಿಂದ ಬರಿತಲೆಯೇ ಆಗಬೇಕು' ಎನ್ನುವ ಕಚೇರಿಯದ್ದೂ ಸೀಲಬ್ಬತ ಪರಾಮಾಸವೇ. ಅಲ್ಲಿ ಶಾಸ್ತ್ರದ ಬದಲು ಸುತ್ತೋಲೆ ಇದೆ, ಅಷ್ಟೆ.

ನಮ್ಮ ವಿನಯವನ್ನೇ ನೋಡಿ. ಸೇಖಿಯ ನಿಯಮಗಳಲ್ಲಿ ತಲೆಯ ಮೇಲಿನ ಬಟ್ಟೆಯ ಪ್ರಸ್ತಾಪ ಇದೆ. ಭಿಕ್ಖು ತಲೆಗೆ ಮುಸುಕು ಹಾಕಿಕೊಂಡು ಊರೊಳಗೆ ಹೋಗಬಾರದು. ಪೇಟ ಸುತ್ತಿಕೊಂಡವನಿಗೆ, ಮುಸುಕು ಹಾಕಿಕೊಂಡವನಿಗೆ ಧಮ್ಮ ಬೋಧಿಸಬಾರದು. ಆ ಕಾಲದಲ್ಲಿ ಅದು ಗೌರವದ ಪ್ರಶ್ನೆ. ಆದರೆ ಕೇಳುವವನು ಕಾಯಿಲೆಯವನಾದರೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ಅಲ್ಲೇ ಹೇಳಿದೆ. ಇದನ್ನು ಎರಡು ಸಲ ಓದಿ. ನಿಯಮ ಮಾಡಿದವರೇ ಅದರೊಳಗೆ ಮನುಷ್ಯನಿಗೆ ಜಾಗ ಬಿಟ್ಟಿದ್ದಾರೆ. ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡ ಅಕ್ಕ ಒಬ್ಬಳು ತಲೆಗೆ ಬಟ್ಟೆ ಕಟ್ಟಿಕೊಂಡು ಫೋಟೊಗೆ ಕುಳಿತರೆ ಅವಳಿಗೆ ಏನು ಹೇಳಬೇಕು ಎಂಬುದಕ್ಕೆ ದಾರಿ ಅಲ್ಲೇ ಸಿಗುತ್ತದೆ.

ಇನ್ನು, ನಮಗ್ಯಾಕೆ ಎಂಬ ಮಾತಿಗೆ ಬರೋಣ.

ತಲೆಯ ಮೇಲಿನ ಬಟ್ಟೆಗೂ ನಮಗೂ ಇರುವಷ್ಟು ಸಂಬಂಧ ಈ ದೇಶದಲ್ಲಿ ಕೆಲವರಿಗೇ ಇದ್ದೀತು. ಇಂದೋರ್ ಸೀಮೆಯ ಬಲಾಯಿಗಳ ಕಥೆಯನ್ನು ಬಾಬಾಸಾಹೇಬರು ಅದೇ 'ಜಾತಿ ವಿನಾಶ'ದಲ್ಲಿ ದಾಖಲಿಸಿದ್ದಾರೆ. ಹದಿನೈದಕ್ಕೂ ಹೆಚ್ಚು ಹಳ್ಳಿಗಳ ಸವರ್ಣೀಯರು ಸೇರಿ ಬಲಾಯಿಗಳ ಮೇಲೆ ಕಟ್ಟಳೆಗಳ ಪಟ್ಟಿ ಹೇರಿದರು. ಅದರಲ್ಲಿ ಮೊದಲನೆಯದೇ ಜರಿ ಅಂಚಿನ ಪೇಟ ಸುತ್ತಬಾರದು ಎಂಬುದು. ಬಲಾಯಿಗಳು ಒಪ್ಪಲಿಲ್ಲ. ಬಾವಿಯ ನೀರು ನಿಂತಿತು, ದನ ಮೇಯಿಸುವುದು ನಿಂತಿತು, ಓಡಾಡುವ ದಾರಿ ಮುಚ್ಚಿತು. ದರ್ಬಾರಿಗೆ ಅರ್ಜಿ ಕೊಟ್ಟರೂ ಸಕಾಲಕ್ಕೆ ಪರಿಹಾರ ಸಿಗಲಿಲ್ಲ. ಎಷ್ಟೋ ಕುಟುಂಬಗಳು ಹೆಂಡತಿ ಮಕ್ಕಳೊಂದಿಗೆ ಪಕ್ಕದ ಸಂಸ್ಥಾನಗಳಿಗೆ ಗುಳೆ ಹೋದವು. ತಲೆಯ ಮೇಲೆ ಏನಿರಬೇಕು ಎಂಬುದನ್ನು ಇನ್ನೊಬ್ಬರು ತೀರ್ಮಾನಿಸುವುದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಷ್ಟು ದೂರ ಯಾಕೆ? ನಮ್ಮ ಹಳ್ಳಿಗಳ ಹಿರಿಯರನ್ನು ಕೇಳಿ. ತಲೆಗೆ ಸುತ್ತಿದ ಟವೆಲನ್ನು ಊರ ಗೌಡರ ಜಗುಲಿಯ ಮುಂದೆ ಬಿಚ್ಚಿ ಕಂಕುಳಿಗೆ ಇಟ್ಟುಕೊಳ್ಳುತ್ತಿದ್ದವರು ಇನ್ನೂ ಬದುಕಿದ್ದಾರೆ. ಕಾಲಿನ ಚಪ್ಪಲಿ ಕೈಗೆ, ತಲೆಯ ಬಟ್ಟೆ ಕಂಕುಳಿಗೆ. ನಮ್ಮ ಹುಡುಗ ಮದುವೆಯಲ್ಲಿ ಪೇಟ ತೊಟ್ಟು ಕುದುರೆ ಏರಿದರೆ ಕಲ್ಲು ಬೀಳುವ ಸುದ್ದಿ ಇವತ್ತಿಗೂ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. 'ತಲೆ ಮೇಲಿಂದ ಅದನ್ನ ತೆಗಿ' ಎಂಬ ಮಾತು ನಮ್ಮ ಕಿವಿಗೆ ಬರೀ ಕಚೇರಿಯ ಸೂಚನೆಯಾಗಿ ಬೀಳುವುದಿಲ್ಲ.

ಮಹಾಡಿನಲ್ಲಿ 1927ರ ಡಿಸೆಂಬರಿನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಹೇಳಿದ್ದು ಇದರ ಇನ್ನೊಂದು ಮುಖ. ಅಸ್ಪೃಶ್ಯರು ಎಂದು ದೂರದಿಂದಲೇ ಗುರುತು ಹಿಡಿಸುವ ರೀತಿಯ ಸೀರೆ ಉಡುವುದನ್ನು ಬಿಡಿ, ಆ ಒಡವೆಗಳನ್ನು ಕಿತ್ತುಹಾಕಿ ಎಂದರು. ಅವರು ಉಡುಪಿನ ಗುರುತುಗಳನ್ನು ಕಳಚಲು ಹೇಳಿದವರೇ. ಆದರೆ ಆ ಗುರುತುಗಳನ್ನು ಹೇರಿದ್ದು ಊರು. ಕಳಚಿದ್ದು ಆ ಹೆಂಗಸರೇ, ತಮ್ಮ ಕೈಯಿಂದ. ಬಟ್ಟೆ ತೊಡುವುದೋ ಬಿಡುವುದೋ ಎಂಬುದಕ್ಕಿಂತ ಯಾರ ಅಪ್ಪಣೆಯಿಂದ ಎಂಬುದನ್ನು ನಾನು ಮೊದಲು ನೋಡುವುದು ಇದಕ್ಕೇ.

ಈ ಅಳತೆಗೋಲು ಎರಡೂ ಕಡೆ ಕೊಯ್ಯುತ್ತದೆ ಎಂಬುದನ್ನೂ ಹೇಳಬೇಕು. ಇರಾನಿನಲ್ಲಿ ಹೆಣ್ಣುಮಕ್ಕಳ ಪಾಸ್‌ಪೋರ್ಟ್ ಫೋಟೊಗೆ ತಲೆವಸ್ತ್ರ ಕಡ್ಡಾಯ. ಫ್ರಾನ್ಸ್ ತೆಗೆಸುತ್ತದೆ, ಇರಾನ್ ಹೊದಿಸುತ್ತದೆ. ಎರಡೂ ಕಡೆ ಆ ತಲೆ ಯಾರದೋ ಅವರನ್ನು ಕೇಳುವುದಿಲ್ಲ. ನಮ್ಮ ಊರಿನ ಸ್ಟುಡಿಯೋದಲ್ಲೂ ಅಣ್ಣನೋ ಅಪ್ಪನೋ 'ತಲೆ ಮುಚ್ಚಿಕೋ' ಎಂದು ಗದರಿದರೆ, ಬೇಡ ಎನ್ನುವ ಹುಡುಗಿಯ ಪರವಾಗಿಯೂ ನಾವು ನಿಲ್ಲಬೇಕಾಗುತ್ತದೆ. ಅವಕಾಶ ಎಂಬುದು ಅವಳ ಕೈಯಲ್ಲಿರಬೇಕು.

ಈಗ ಕಷ್ಟದ ಭಾಗ. ಬಾಬಾಸಾಹೇಬರ ಎರಡು ಮಾತುಗಳನ್ನು ಮುಂದಿಟ್ಟು ಕೆಲವರು ಇದಕ್ಕೆಲ್ಲ ವಿರುದ್ಧ ವಾದಿಸುತ್ತಾರೆ. 1948ರ ಡಿಸೆಂಬರ್ 2ರಂದು ಸಂವಿಧಾನ ಸಭೆಯಲ್ಲಿ ಅವರು, ಈ ದೇಶದಲ್ಲಿ ಧರ್ಮದ ಕಲ್ಪನೆ ಹುಟ್ಟಿನಿಂದ ಸಾವಿನವರೆಗೆ ಎಲ್ಲವನ್ನೂ ಆವರಿಸಿಕೊಂಡಿದೆ, ಅದಕ್ಕೊಂದು ಮಿತಿ ಹಾಕದೆ ಹೋದರೆ ಸಾಮಾಜಿಕ ಸುಧಾರಣೆ ನಿಂತೇ ಹೋಗುತ್ತದೆ ಎಂಬ ಅರ್ಥದ ಮಾತಾಡಿದರು. ಹಾಗಾದರೆ ಪೇಟವನ್ನೂ ಆ ಮಿತಿಯ ಹೊರಗಿಡಬಾರದೇಕೆ? ಅವರ ಮುಂದಿದ್ದ ವಿಷಯ ಏನೆಂದು ನೋಡಿ: ವೈಯಕ್ತಿಕ ಕಾನೂನು, ಉತ್ತರಾಧಿಕಾರ, ಗೇಣಿ. ಧರ್ಮದ ಹೆಸರಲ್ಲಿ ಒಬ್ಬರು ಇನ್ನೊಬ್ಬರ ಪಾಲನ್ನು ಕಿತ್ತುಕೊಳ್ಳುವ ಜಾಗಗಳು ಅವು. ಫೋಟೊದಲ್ಲಿ ಒಬ್ಬರ ತಲೆಯ ಮೇಲೆ ಪೇಟ ಇದ್ದರೆ ಯಾರ ಹೊಲ ಹೋಯಿತು? ಯಾವ ಹೆಣ್ಣುಮಗಳ ಆಸ್ತಿ ಹೋಯಿತು?

ಎರಡನೆಯದು ಪರದೆಯ ವಿಷಯ. ಪಾಕಿಸ್ತಾನದ ಕುರಿತ ತಮ್ಮ ಪುಸ್ತಕದಲ್ಲಿ ಅವರು ಪರದೆ ಪದ್ಧತಿಯನ್ನು ಕಟುವಾಗಿ ಟೀಕಿಸಿದ್ದಾರೆ. ಅದು ಹೆಂಗಸರ ಮೈಯನ್ನೂ ಮನಸ್ಸನ್ನೂ ಕುಗ್ಗಿಸುತ್ತದೆ ಎಂದಿದ್ದಾರೆ. ನಾನು ಆ ಟೀಕೆಯ ಒಂದಕ್ಷರವನ್ನೂ ಮೆತ್ತಗೆ ಮಾಡಲು ಹೋಗುವುದಿಲ್ಲ. ಫೋಟೊದ ಮಟ್ಟಿಗೆ ಮುಖ ಮುಚ್ಚುವುದು ಬೇರೆಯೇ ಸಂಗತಿ. ತಲೆ ಮುಚ್ಚಿದರೆ ಗುರುತು ಉಳಿಯುತ್ತದೆ, ಮುಖ ಮುಚ್ಚಿದರೆ ಗುರುತೇ ಇಲ್ಲ, ಕಾರ್ಡಿಗೆ ಅರ್ಥವೇ ಇಲ್ಲ. ಪರದೆ ಧರಿಸುವ ಮಹಿಳೆಯರ ಫೋಟೊ ಮತದಾರರ ಪಟ್ಟಿಯಲ್ಲಿ ಹಾಕಬಾರದು ಎಂಬ ವಾದ 2006ರಲ್ಲಿ ಮದ್ರಾಸ್ ಹೈಕೋರ್ಟಿಗೆ ಬಂದಾಗ ನ್ಯಾಯಾಲಯ ಒಪ್ಪಲಿಲ್ಲ. ಅದು ಸರಿ ಎಂದೇ ನನ್ನ ಅಭಿಪ್ರಾಯ. ನಮ್ಮ ಓಟು ಇನ್ನೊಬ್ಬರು ಹಾಕಿ ಹೋದ ಕಥೆಗಳು ಎಲ್ಲರಿಗಿಂತ ಹೆಚ್ಚು ನಮ್ಮ ಕೇರಿಗಳಿಗೆ ಗೊತ್ತು. ಮತಗಟ್ಟೆಯಲ್ಲಿ ಮುಖ ಕಾಣಲೇಬೇಕು. ಆದರೆ ಮುಖ ತೋರಿಸುವುದು ಎಲ್ಲಿ, ಯಾರ ಮುಂದೆ ಎಂಬುದರಲ್ಲಿ ಮರ್ಯಾದೆ ಉಳಿಸಬಹುದು. ಮತಗಟ್ಟೆಯಲ್ಲಿ ಹೆಂಗಸರ ನೆರವಿಗೆ ಮಹಿಳಾ ಸಿಬ್ಬಂದಿಯನ್ನು ನೇಮಿಸಲು ಚುನಾವಣಾ ನಿಯಮಗಳಲ್ಲೇ ಅವಕಾಶ ಇದೆ. ಫೋಟೊ ತೆಗೆಯುವ ಕೌಂಟರಿನಲ್ಲೂ ಒಂದು ಪರದೆ, ಒಬ್ಬ ಮಹಿಳಾ ಸಿಬ್ಬಂದಿ ಇಡುವುದು ದೊಡ್ಡ ಖರ್ಚೇನಲ್ಲ. ಪರದೆ ಪದ್ಧತಿಯನ್ನು ವಿರೋಧಿಸುವವನು ಸಾಲಿನಲ್ಲಿ ನಿಂತ ಗಂಡಸರ ಎದುರು ಮುಸುಕು ಎಳೆಸಬೇಕಾಗಿಲ್ಲ.

ಇಷ್ಟರ ಮೇಲೂ ನನ್ನನ್ನು ಕಾಡುವ ಒಂದು ಪ್ರಶ್ನೆ ಇದೆ. ವಿನಾಯಿತಿ ಧರ್ಮಕ್ಕೆ ಮಾತ್ರ ಯಾಕೆ? ಅರವತ್ತು ವರ್ಷ ರುಮಾಲು ಸುತ್ತಿಕೊಂಡೇ ಬಾಳಿದ ಉತ್ತರ ಕರ್ನಾಟಕದ ಅಜ್ಜನಿಗೆ ಆ ರುಮಾಲು ಯಾವ ದೇವರ ಆಜ್ಞೆಯೂ ಅಲ್ಲ. ಅದು ಅವನ ಮರ್ಯಾದೆ. ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡೇ ಹೊರಗೆ ಬರುವ ಅಜ್ಜಿಯದ್ದೂ ಹಾಗೇ. ಪಾಸ್‌ಪೋರ್ಟಿನ ನಿಯಮದ ಪ್ರಕಾರ ಇವರು ತೆಗೆಯಬೇಕು. ಆಧಾರಿನ 'ಸಾಂಪ್ರದಾಯಿಕ' ಎಂಬ ಒಂದು ಪದದಲ್ಲಿ ಅಜ್ಜನ ರುಮಾಲಿಗೆ ಜಾಗ ಇದೆ.

ಆಸ್ಟ್ರಿಯಾ ದೇಶದಲ್ಲಿ ನಿಕೊ ಆಲ್ಮ್ ಎಂಬ ನಾಸ್ತಿಕ ಇದನ್ನೇ ಗೇಲಿ ಮಾಡಿ ತೋರಿಸಿದರು. ಅನ್ನ ಬಸಿಯುವ ತೂತಿನ ಪಾತ್ರೆಯಂಥದ್ದೊಂದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ಇದೂ ನನ್ನ ಧರ್ಮ ಎಂದು ಲೈಸೆನ್ಸಿಗೆ ಫೋಟೊ ಕೊಟ್ಟರು. 2011ರಲ್ಲಿ ಆ ಫೋಟೊ ಇರುವ ಲೈಸೆನ್ಸ್ ಸಿಕ್ಕಿತು. ಓದುವಾಗ ನಗು ಬರುತ್ತದೆ. ಆದರೆ ಅಲ್ಲಿನ ಅಧಿಕಾರಿಗಳು ಕೊಟ್ಟ ವಿವರಣೆ ನಗುವಂಥದ್ದಲ್ಲ: ಧರ್ಮದ ಕಾರಣಕ್ಕೆ ಒಪ್ಪಿದ್ದಲ್ಲ, ಮುಖ ಪೂರ್ತಿ ಕಾಣುತ್ತಿತ್ತು, ಅದಕ್ಕೆ ಒಪ್ಪಿದೆವು ಎಂದರು. ಗೇಲಿ ಮಾಡಲು ಹೋದವರಿಗೆ ಸಿಕ್ಕ ಈ ಉತ್ತರ ಎಷ್ಟೋ ತೀರ್ಪುಗಳಿಗಿಂತ ತತ್ವಕ್ಕೆ ಹತ್ತಿರವಾಗಿದೆ.

ಯಾಕೆಂದರೆ 'ಧಾರ್ಮಿಕ ಕಾರಣವಿದ್ದರೆ ಮಾತ್ರ' ಎಂದ ಕೂಡಲೇ ಒಬ್ಬ ಅಧಿಕಾರಿ ಇನ್ನೊಬ್ಬರ ಧರ್ಮವನ್ನು ತೂಗಬೇಕಾಗುತ್ತದೆ. ನಿಮ್ಮ ಧರ್ಮದಲ್ಲಿ ಇದು ಕಡ್ಡಾಯವೇ? ಎಲ್ಲಿ ಬರೆದಿದೆ? ನಿಮ್ಮ ಅಕ್ಕ ಹಾಕುವುದಿಲ್ಲವಲ್ಲ? 2022ರಲ್ಲಿ ಕರ್ನಾಟಕದ ಹಿಜಾಬ್ ಪ್ರಕರಣದಲ್ಲೂ ವಾದದ ದೊಡ್ಡ ಭಾಗ ಹೋದದ್ದು ಇದೇ 'ಅತ್ಯಗತ್ಯ ಆಚರಣೆಯೇ' ಎಂಬ ಪ್ರಶ್ನೆಗೆ. ಹೈಕೋರ್ಟ್ ಅಲ್ಲ ಎಂದಿತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅದು ಶಾಲೆಯ ಸಮವಸ್ತ್ರದ ವಿಷಯ, ಫೋಟೊದ್ದಲ್ಲ. ಅದರ ಒಳಹೊರಗನ್ನು ಇನ್ನೊಂದು ದಿನ ನೋಡೋಣ.

ಇಂಥ ತೂಗುವಿಕೆ ನಮಗೆ ಹೊಸದೇನಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡವರು, ಅವರ ಮಕ್ಕಳು, 1990ರವರೆಗೆ ಕೇಂದ್ರದ ಪರಿಶಿಷ್ಟ ಜಾತಿ ಪಟ್ಟಿಯ ಹೊರಗೇ ಇದ್ದರು. ಬುದ್ಧನನ್ನು ಒಪ್ಪಿದ್ದಕ್ಕೆ ಮೂವತ್ತನಾಲ್ಕು ವರ್ಷದ ದಂಡ. ಇನ್ನೊಂದು ಕಡೆ ಸಂವಿಧಾನದ 25ನೇ ವಿಧಿಯ ಎರಡನೇ ವಿವರಣೆ ದೇವಾಲಯ ಪ್ರವೇಶ, ಸಮಾಜ ಸುಧಾರಣೆಯ ಮಟ್ಟಿಗೆ ಹಿಂದೂ ಎಂಬ ಪದದಲ್ಲಿ ಬೌದ್ಧರನ್ನೂ ಸೇರಿಸುತ್ತದೆ. ಅದನ್ನು ಅರೆಬರೆ ಓದಿಕೊಂಡವರು ಕೌಂಟರಿನಲ್ಲಿ ಕುಳಿತಿರುತ್ತಾರೆ. ಅರ್ಜಿಯ ಧರ್ಮದ ಕಾಲಮಿನಲ್ಲಿ 'ಬೌದ್ಧ' ಎಂದು ಬರೆದಾಗ "ಬೌದ್ಧ ಅಂದ್ರೂ ಹಿಂದೂನೇ ಅಲ್ವೇನ್ರೀ, ಹಿಂದೂ ಅಂತಲೇ ಬರೀರಿ" ಎಂಬ ಮಾತು ಕೇಳಿಸಿಕೊಂಡವರು ಈ ಗುಂಪಿನಲ್ಲಿ ನಾನೊಬ್ಬನೇ ಅಲ್ಲ. ನನಗೆ ಆ ದಿನ ಬೇಕಾಗಿದ್ದು ಬಹಳ ಸಣ್ಣದು: ನಾನು ಯಾರು ಎಂದು ನಾನು ಹೇಳಿದ್ದನ್ನು ಅವರು ಹಾಗೇ ಬರೆದುಕೊಳ್ಳುವುದು. ಫ್ರಾನ್ಸಿನ ಆ ಹಿರಿಯರೂ ಕೌಂಟರಿನ ಮುಂದೆ ಇದಕ್ಕಿಂತ ಹೆಚ್ಚೇನನ್ನೂ ಕೇಳಿರಲಿಲ್ಲ.

ಭಾನುವಾರದ ಸಭೆಗೆ ಈ ಪ್ರಶ್ನೆ ಇಟ್ಟುಕೊಳ್ಳೋಣ. ಪಾಸ್‌ಪೋರ್ಟ್ ನಿಯಮದಲ್ಲಿ 'ಧಾರ್ಮಿಕ' ಎಂಬುದರ ಪಕ್ಕ 'ಸಾಂಪ್ರದಾಯಿಕ' ಎಂದು ಸೇರಿಸಿದರೆ ಸಾಕೇ? ಅಥವಾ ಎರಡೂ ಪದಗಳನ್ನು ತೆಗೆದು, ಗದ್ದದಿಂದ ಹಣೆಯವರೆಗೆ ಮುಖ ಕಾಣಬೇಕು ಎಂದಷ್ಟೇ ಬರೆದು, ಉಳಿದದ್ದನ್ನು ಅವರವರಿಗೆ ಬಿಡಬೇಕೇ? ನಾನು ಎರಡನೆಯದರ ಕಡೆ ಇದ್ದೇನೆ. ಆದರೆ ಗುಂಪಿನಲ್ಲಿರುವ ವಕೀಲ ಮಿತ್ರರೊಬ್ಬರು ಒಪ್ಪುವುದಿಲ್ಲ. 'ಧಾರ್ಮಿಕ' ಎಂಬ ಪದ ಬರಹದಲ್ಲಿ ಇರುವುದರಿಂದಲೇ ಸಿಖ್ಖರಿಗೆ, ಮುಸ್ಲಿಮರಿಗೆ ಹಟಮಾರಿ ಗುಮಾಸ್ತನ ಎದುರು ಹಿಡಿದುಕೊಳ್ಳಲು ಒಂದು ಆಸರೆ ಇದೆ, ಅದನ್ನು ಕಿತ್ತರೆ ಅವರು ಬರಿಗೈಯಲ್ಲಿ ನಿಲ್ಲುತ್ತಾರೆ ಎಂಬುದು ಅವರ ವಾದ. ಅದರಲ್ಲಿ ತೂಕ ಇದೆ. ಬರುವಾಗ 'ಜಾತಿ ವಿನಾಶ' ತನ್ನಿ, ನಿಯಮ ಮತ್ತು ತತ್ವದ ಭಾಗವನ್ನು ಒಟ್ಟಿಗೆ ಓದೋಣ. ಆ ಹೆಬ್ಬೆರಳು ಎತ್ತಿದವರು ತಪ್ಪದೆ ಬನ್ನಿ.

ಜೈ ಭೀಮ್. ನಮೋ ಬುದ್ಧಾಯ.